ಪಂಕ್‌ನಲ್ಲಿ ಸಾಚಾ ಯಾರು? ಒಂದು ಓದಿನ ಟಿಪ್ಪಣಿ

ಪಂಕ್ ಅಂದರೆ 1970ರ ದಶಕದಲ್ಲಿ ಎದ್ದ ಒರಟು, ವೇಗದ ರಾಕ್ ಸಂಗೀತ. ಒಂದು ಪಂಕ್ ಬ್ಯಾಂಡ್ ಸಾಚಾ ಅಂತ ಹೇಗೆ ಹೇಳುವುದು? ಈ ಸಂಗೀತದ ಬಗ್ಗೆ ಏನೇ ಓದಲು ಹೋದರೂ ಈ ಜಗಳ ಎದುರಾಗುತ್ತದೆ. ಸುಮ್ನೆ ವೇಷ ಹಾಕಿಕೊಂಡು ಬಂದವನಿಗೆ ಅಲ್ಲಿ 'ಪೋಸರ್' ಅನ್ನುತ್ತಾರೆ. ಪಂಕ್ ಜನರಲ್ಲಿ ಅದು ಭಾರೀ ಬೈಗುಳ.

ನಾನು ಓದಲು ಕೂತಾಗ ಉತ್ತರ ಸುಲಭ ಅಂದುಕೊಂಡಿದ್ದೆ. ಹರಿದ ಬಟ್ಟೆ, ಬಡ ಮನೆಯ ಹುಡುಗರು, ಗಿಟಾರಿನಲ್ಲಿ ಮೂರೇ ಕಾರ್ಡ್ (ಸ್ವರಗುಚ್ಛ), ಆಯ್ತಲ್ಲ? ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದರೆ ಯಾವುದೂ ನಿಲ್ಲುವುದಿಲ್ಲ.

ಮೊದಲು ಬಟ್ಟೆ. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಮಾಲ್ಕಂ ಮೆಕ್ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ಒಂದು ಬಟ್ಟೆ ಅಂಗಡಿ ನಡೆಸುತ್ತಿದ್ದರು. 1975ರಲ್ಲಿ ಸೆಕ್ಸ್ ಪಿಸ್ಟಲ್ಸ್ ಹುಟ್ಟಿದ್ದು ಆ ಅಂಗಡಿಯ ಸುತ್ತಲೇ. ಬ್ಯಾಂಡಿನ ಹೆಸರಲ್ಲೂ ಅಂಗಡಿಯ ಹೆಸರು ('ಸೆಕ್ಸ್') ಇದೆ. ಮ್ಯಾನೇಜರ್ ಮೆಕ್ಲಾರೆನ್ನೇ. ಅಂದರೆ ಪಂಕ್‌ನ ಅತಿ ದೊಡ್ಡ ಹೆಸರು ಅಂಗಡಿಯೊಂದರ ಜಾಹೀರಾತೂ ಆಗಿತ್ತು. ಆದರೆ ಗಾಯಕ ಜಾನ್ ಲೈಡನ್ ಅಂಗಡಿಯವರ ಕಣ್ಣಿಗೆ ಬಿದ್ದದ್ದು ತನ್ನದೇ ಟಿ-ಶರ್ಟಿನಿಂದ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಅಂಗಿ, ಅದರ ಮೇಲೆ 'ಇವರನ್ನು ಕಂಡರೆ ನನಗಾಗದು' ಅನ್ನುವ ಅರ್ಥದ ಕೈಬರಹ. ಅದು ಅಂಗಡಿಯ ಮಾಲಲ್ಲ. ಅಸಲಿ, ವ್ಯಾಪಾರ ಎರಡೂ ಮೊದಲ ದಿನದಿಂದ ಒಂದೇ ಕೋಣೆಯಲ್ಲಿದ್ದವು.

ಬಡತನ? ಕ್ಲಾಷ್ ಬ್ಯಾಂಡಿನ ಜೋ ಸ್ಟ್ರಮರ್ ಅವರ ಹುಟ್ಟುಹೆಸರು ಜಾನ್ ಮೆಲರ್. ಅಪ್ಪ ಬ್ರಿಟಿಷ್ ವಿದೇಶಾಂಗ ಇಲಾಖೆಯಲ್ಲಿದ್ದರು, ಮಗ ಹುಟ್ಟಿದ್ದು ಅಂಕಾರಾದಲ್ಲಿ, ಓದಿದ್ದು ಬೋರ್ಡಿಂಗ್ ಶಾಲೆಯಲ್ಲಿ. ಇನ್ನು ಮೂರು ಕಾರ್ಡಿನ ಮಾತು. ವಾಷಿಂಗ್ಟನ್ನಿನ ಬ್ಯಾಡ್ ಬ್ರೇನ್ಸ್ ಮೊದಲು ಜಾಝ್ ಫ್ಯೂಷನ್ (ಜಾಝ್, ರಾಕ್ ಬೆರೆತ ಕಷ್ಟದ ಸಂಗೀತ) ನುಡಿಸುತ್ತಿದ್ದ ಕಪ್ಪು ಹುಡುಗರ ಬ್ಯಾಂಡ್. ಅವರ ವೇಗಕ್ಕೆ, ಹಿಡಿತಕ್ಕೆ ಸಾಟಿಯಾದವರು ಕಡಿಮೆ. ಅವರು ಪಂಕ್ ಅಲ್ಲ ಅನ್ನುವ ಧೈರ್ಯ ಯಾರಿಗಿದೆ?

ಹಾಗಾದರೆ ಉಳಿದದ್ದೇನು? ನನ್ನ ಮಟ್ಟಿಗೆ, ಲೆಕ್ಕದ ಪುಸ್ತಕ. ರೆಕಾರ್ಡ್ ಯಾರ ದುಡ್ಡಿನಲ್ಲಿ ಆಯ್ತು, ಬೆಲೆ ಯಾರು ಇಟ್ಟರು, ಆ ಗುಟ್ಟನ್ನು ಉಳಿದವರಿಗೆ ಬಿಟ್ಟುಕೊಟ್ಟರಾ? ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಬ್ಯಾಂಡಿನವರು ಸುಮಾರು 500 ಪೌಂಡ್ ಸಾಲ ಮಾಡಿ, 1976ರ ಡಿಸೆಂಬರಿನಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. 1977ರ ಜನವರಿಯಲ್ಲಿ ತಮ್ಮದೇ ಲೇಬಲ್ಲಿನಲ್ಲಿ, ಅಂದರೆ ಸ್ವಂತ ರೆಕಾರ್ಡ್ ಕಂಪನಿಯಿಂದ, ಅದನ್ನು ಹೊರತಂದರು. ಮೊದಲು ಒತ್ತಿಸಿದ್ದು ಸಾವಿರ ಪ್ರತಿ. ಯಾವ ಹಾಡು ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು), ಮೇಲಿಂದ ಏನು ಸೇರಿಸಿದ್ದು ಅಂತ ಕವರಿನ ಮೇಲೇ ಬರೆದಿದ್ದರು. ಅಡುಗೆ ಬಡಿಸಿ, ಮಾಡುವ ವಿಧಾನವನ್ನೂ ಕೈಗೆ ಕೊಟ್ಟ ಹಾಗೆ. ಅದೇ ವರ್ಷ ಡೆಸ್ಪರೇಟ್ ಬೈಸಿಕಲ್ಸ್ ಅನ್ನುವ ಬ್ಯಾಂಡ್ ತನ್ನ ಮೊದಲ ರೆಕಾರ್ಡಿಗೆ ಆದ ಖರ್ಚು 153 ಪೌಂಡ್ ಅಂತ ಎಲ್ಲರಿಗೂ ಹೇಳಿಬಿಟ್ಟಿತು. ನೀವೂ ಮಾಡಿ ಅಂತ ಅದರ ಅರ್ಥ.

ಎಸೆಕ್ಸಿನ ಕ್ರಾಸ್ ಬ್ಯಾಂಡ್, ರೆಕಾರ್ಡಿನ ಮೇಲೆ 'ಇದಕ್ಕಿಂತ ಜಾಸ್ತಿ ಕೊಡಬೇಡಿ' ಅಂತ ಬೆಲೆಯನ್ನೇ ಅಚ್ಚು ಹಾಕಿಸಿತು. ಅಂಗಡಿಯವರಿಗೆ ಇದು ಇಷ್ಟವಾಗಿರಲಾರದು ಬಿಡಿ.

ಅಮೆರಿಕದಲ್ಲಿ ಇದನ್ನೇ ವರ್ಷಗಟ್ಟಲೆ ಹಟ ಹಿಡಿದು ಮಾಡಿದವರು ಸಂಗೀತಗಾರ ಇಯಾನ್ ಮೆಕಾಯ್. 1980ರಲ್ಲಿ ಗೆಳೆಯರ ಜೊತೆ ಡಿಸ್ಕಾರ್ಡ್ ಲೇಬಲ್ ಶುರು ಮಾಡಿದಾಗ ಕವರುಗಳನ್ನು ಕತ್ತರಿಸಿ, ಮಡಚಿ, ಅಂಟಿಸಿದ್ದು ಇವರೇ. ಮುಂದೆ ಅವರ ಫುಗಾಜಿ ಬ್ಯಾಂಡ್ ಟಿಕೆಟ್ಟನ್ನು 5 ಡಾಲರಿನ ಆಸುಪಾಸಿನಲ್ಲೇ ಇಟ್ಟಿತು. ಚಿಕ್ಕ ವಯಸ್ಸಿನವರಿಗೂ ಒಳಗೆ ಬಿಡಬೇಕು ಅಂತ ಷರತ್ತು. ಬ್ಯಾಂಡಿನ ಹೆಸರಲ್ಲಿ ಟಿ-ಶರ್ಟ್ ಮಾರಲಿಲ್ಲ. ಆಗ ಹೊರಗಿನವರು 'ಇದು ಫುಗಾಜಿ ಟಿ-ಶರ್ಟ್ ಅಲ್ಲ' ಅಂತ ಬರೆದೇ ಟಿ-ಶರ್ಟ್ ಮಾರಿದರು! ನಕಲಿ ಮಾಲು ತಾನು ನಕಲಿ ಅಂತ ಒಪ್ಪಿಕೊಂಡ ಅಪರೂಪದ ಸಂದರ್ಭ.

ಈಗ ನನ್ನ ಅಳತೆಗೋಲಿಗೇ ತೊಡಕು. ಕ್ಲಾಷ್ 1977ರ ಜನವರಿಯಲ್ಲಿ ಸಿಬಿಎಸ್ ಅನ್ನುವ ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿತು, ಮೊತ್ತ 1,00,000 ಪೌಂಡ್. ಪಂಕ್ ಅವತ್ತೇ ಸತ್ತಿತು ಅನ್ನುವ ಪ್ರಸಿದ್ಧ ಮಾತು ಆಗಲೇ ಹುಟ್ಟಿದ್ದು. ಆಮೇಲೆ ಕಂಪನಿ ಇವರನ್ನು ಕೇಳದೆಯೇ ಒಂದು ಹಾಡನ್ನು ಸಿಂಗಲ್ (ಬಿಡಿ ರೆಕಾರ್ಡ್) ಆಗಿ ಬಿಟ್ಟಿತು. ಇವರು ಸಿಟ್ಟಾಗಿ ಅದರ ಮೇಲೇ ಹಾಡು ಕಟ್ಟಿದರು. ಆ ಹಾಡನ್ನೂ ಮಾರಿದ್ದು ಸಿಬಿಎಸ್ಸೇ! ಆದರೆ 1980ರಲ್ಲಿ ಮೂರು ಎಲ್‌ಪಿಗಳ ಆಲ್ಬಂ ಒಂದರ ಬೆಲೆಗೆ ಸಿಗಲಿ ಅಂತ ಬ್ರಿಟನ್ನಿನ ಮೊದಲ 2,00,000 ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟರು. ಕಂಪನಿಯ ಒಳಗಿದ್ದೂ ಕೇಳುಗನ ಜೇಬಿನ ಬಗ್ಗೆ ಯೋಚಿಸಿದ್ದಾರೆ ಅಲ್ವಾ? ಇವರನ್ನು ಪೋಸರ್ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಕಡೆ, ಅಳತೆಗೋಲನ್ನೇ ಬಾಗಿಲ ಬೀಗ ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ಬರ್ಕ್ಲಿಯ 924 ಗಿಲ್ಮನ್ ಸ್ಟ್ರೀಟ್, ಸ್ವಯಂಸೇವಕರು ನಡೆಸುವ ಸಂಗೀತದ ಜಾಗ. ದೊಡ್ಡ ಕಂಪನಿ ಸೇರಿದ ಬ್ಯಾಂಡಿಗೆ ಅಲ್ಲಿ ವೇದಿಕೆ ಇರಲಿಲ್ಲ. ಗ್ರೀನ್ ಡೇ ಬ್ಯಾಂಡ್ ಬೆಳೆದದ್ದೇ ಅಲ್ಲಿ. ದೊಡ್ಡ ಲೇಬಲ್ ಸೇರಿದ ಮೇಲೆ ಬಾಗಿಲು ಮುಚ್ಚಿತು. 1994ರ ಅವರ ಆಲ್ಬಂ ಅಮೆರಿಕ ಒಂದರಲ್ಲೇ ಒಂದು ಕೋಟಿ ಪ್ರತಿ ದಾಟಿತು. ನಿಯಮ ನಿಯಮವೇ, ನಾನು ಗಿಲ್ಮನ್‌ನವರನ್ನು ದೂರುವುದಿಲ್ಲ. ಆದರೂ 2015ರಲ್ಲಿ ಬೆಂಕಿ ಬಿದ್ದು ನಷ್ಟವಾದ ಪಕ್ಕದ ಓಕ್ಲೆಂಡಿನ ಒಂದು ಪ್ರಕಾಶನ ಮತ್ತು ಒಂದು ಪ್ರೆಸ್ಸಿಗೆ ದುಡ್ಡು ಕೂಡಿಸಬೇಕಾಗಿ ಬಂದಾಗ, ಅದೇ ಗಿಲ್ಮನ್ ವೇದಿಕೆಗೆ ಗ್ರೀನ್ ಡೇ ಮತ್ತೆ ಹತ್ತಿತು.