ಕತ್ತಲಲ್ಲಿ ಹೊಳೆಯುವ ಟ್ಯೂಬ್‌ಲೈಟ್

ಹೈಟೆನ್ಷನ್ ತಂತಿಯ ಪಕ್ಕದ ಮನೆಗಳಿಗೆ ಅಳತೆಗೆಂದು ಹೋದಾಗಲೆಲ್ಲ ನನಗೊಂದು ಪ್ರದರ್ಶನ ಕಾದಿರುತ್ತದೆ. ಕತ್ತಲಾದ ಮೇಲೆ ತಾರಸಿಗೆ ಕರೆದೊಯ್ಯುತ್ತಾರೆ, ಮನೆಯ ಹುಡುಗ ವಯರೇ ಇಲ್ಲದ ಟ್ಯೂಬ್‌ಲೈಟನ್ನು ಎತ್ತಿ ಹಿಡಿಯುತ್ತಾನೆ, ಅದು ಮಂಕಾಗಿ ಹೊಳೆಯುತ್ತದೆ. 'ಇನ್ನು ಮಕ್ಕಳ ರಕ್ತಕ್ಕೆ ಏನಾಗಬೇಡ ಸಾರ್?' ಎಂದು ಕೇಳುತ್ತಾರೆ. ತಂತಿಯಿಂದ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದೀತೆಂಬುದು ಅವರ ಭಯ.

ಆ ಹೊಳಪು ಸುಳ್ಳಲ್ಲ. ಆದರೆ ಅದು ಬೇರೆಯದಕ್ಕೆ ಸಾಕ್ಷಿ. ಟ್ಯೂಬ್‌ಲೈಟನ್ನು ಬೆಳಗಿಸುವುದು, ಬಟ್ಟೆ ಒಣಹಾಕುವ ತಂತಿ ಮುಟ್ಟಿದಾಗ ಚುರುಕ್ಕೆನ್ನಿಸುವುದು ವಿದ್ಯುತ್ ಕ್ಷೇತ್ರ. ಅದು ವೋಲ್ಟೇಜನ್ನು ಅವಲಂಬಿಸಿದ್ದು, ಗೋಡೆ, ಮರ ಅಡ್ಡಬಂದರೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಸಂಶೋಧಕರ ಅನುಮಾನವಿರುವುದು ಕಾಂತಕ್ಷೇತ್ರದ ಮೇಲೆ. ಅದು ತಂತಿಯಲ್ಲಿ ಹರಿಯುವ ಕರೆಂಟಿನಿಂದ ಹುಟ್ಟಿ, ಗೋಡೆಯನ್ನು ದಾಟಿ ಒಳಬರುತ್ತದೆ, ಕಣ್ಣಿಗಾಗಲಿ ಚರ್ಮಕ್ಕಾಗಲಿ ತಿಳಿಯುವುದೇ ಇಲ್ಲ. ಅಂದರೆ ಜನರನ್ನು ಹೆದರಿಸುವುದು ಒಂದು, ಅಧ್ಯಯನವಾಗಿರುವುದು ಇನ್ನೊಂದು. ಇದನ್ನು ನಾನು ಎಷ್ಟು ತಾರಸಿಗಳ ಮೇಲೆ ಹೇಳಿದ್ದೇನೋ ಲೆಕ್ಕವಿಲ್ಲ.

ಈ ಅನುಮಾನ ಶುರುವಾದದ್ದು 1979ರಲ್ಲಿ. ಅಮೆರಿಕದ ಡೆನ್ವರ್‌ನಲ್ಲಿ ವರ್ತ್‌ಹೈಮರ್ ಮತ್ತು ಲೀಪರ್ ಎಂಬಿಬ್ಬರು, ಕ್ಯಾನ್ಸರಿನಿಂದ ತೀರಿಕೊಂಡ ಮಕ್ಕಳ ಮನೆಗಳ ಬಳಿ ಎಂಥ ತಂತಿಗಳಿವೆ, ಎಷ್ಟು ದೂರದಲ್ಲಿವೆ ಎಂದು ನೋಡಿ ಒಂದು ನಂಟನ್ನು ಗುರುತಿಸಿದರು. ಮುಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಕಾಂತಕ್ಷೇತ್ರ ಸರಾಸರಿ 0.4 ಮೈಕ್ರೊಟೆಸ್ಲಾ (ಅದನ್ನು ಅಳೆಯುವ ಮಾನ) ಮೀರಿದ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಆದರೆ ಅಂಥ ಮಕ್ಕಳು ಶೇಕಡಾ ಒಂದಕ್ಕಿಂತ ಕಡಿಮೆ, ಅಧ್ಯಯನಕ್ಕೆ ಮಕ್ಕಳನ್ನು ಆರಿಸಿದ್ದರಲ್ಲೇ ಲೋಪವಿರಬಹುದೆಂಬ ಶಂಕೆ ಉಳಿದಿದೆ, ಕಾರಣ ಹೀಗೆಂದು ತೋರಿಸಲು ಪ್ರಯೋಗಾಲಯಕ್ಕೂ ಆಗಿಲ್ಲ. ಹಾಗಾಗಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಾಂತಕ್ಷೇತ್ರವನ್ನು '2ಬಿ', ಎಂದರೆ 'ಕಾರಣವಾಗಿದ್ದರೂ ಇರಬಹುದು' ಎಂಬ ವರ್ಗಕ್ಕೆ ಸೇರಿಸಿತು. ವೈದ್ಯನಲ್ಲದ ನಾನು ಅದಕ್ಕಿಂತ ಹೆಚ್ಚು ಹೇಳಲಾರೆ, ಕಡಿಮೆಯನ್ನೂ ಹೇಳಲಾರೆ.

ಭಯವನ್ನು ಬರೀ ಅಜ್ಞಾನವೆಂದು ತಳ್ಳುವ ಸಹೋದ್ಯೋಗಿಗಳ ಮೇಲೂ ನನಗೆ ಸಿಟ್ಟಿದೆ. ಯಾರ ಒಪ್ಪಿಗೆಯನ್ನೂ ಕೇಳದೆ ಬಂದ ತಂತಿ ಮಳೆಗಾಲದ ರಾತ್ರಿ ತಲೆಯ ಮೇಲೆ ಗುಂಯ್‌ಗುಡುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬಂದೀತು? ಅಂಥದೊಂದು ಮನೆಯ ಅಡುಗೆಮನೆಯಲ್ಲಿ, ಮಿಕ್ಸಿಯ ಬಳಿ ಕಾಂತಕ್ಷೇತ್ರ ಅಳೆಯುವ ಮೀಟರ್ ಹಿಡಿದು, ಮಲಗುವ ಕೋಣೆಗಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸಿದೆ. ಮನೆಯ ಅಜ್ಜಿ, 'ಹಾಗಾದ್ರೆ ಚಟ್ನಿ ಒರಳಲ್ಲೇ ರುಬ್ಬಲೇನಪ್ಪಾ?' ಎಂದರು. ಮಿಕ್ಸಿ ಓಡುವುದು ಎರಡು ನಿಮಿಷ, ಅಧ್ಯಯನಗಳು ನೋಡುವುದು ದಿನವಿಡೀ ಇರುವ ಸರಾಸರಿಯನ್ನು ಎಂದು ಅವರಿಗೆ ವಿವರಿಸಬೇಕಾಯಿತು.

ಅಷ್ಟರಲ್ಲಿ ಹುಡುಗ ಮತ್ತೆ ತಾರಸಿ ಹತ್ತಿದ್ದ. ಶಾಕ್ ಹೊಡೆಯದಂತೆ 220 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ನಡುವೆ ಅಡ್ಡಡ್ಡ 3.8 ಮೀಟರ್ ಅಂತರವಾದರೂ ಇರಬೇಕೆಂಬುದು ನಿಯಮ. ಮೇಲಂತಸ್ತು ಕಟ್ಟುವಾಗ ಅದನ್ನು ಅಳೆದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಕ್ಯಾನ್ಸರಿನ ಮಾತು ಅಲ್ಲಿಗೇ ಬಿಟ್ಟು, ಮೊದಲು ಅವನ ಕೈಯಿಂದ ಟ್ಯೂಬ್‌ಲೈಟನ್ನು ಕೆಳಗಿಳಿಸಿದೆ.