ಸದ್ದು ನಿಂತ ಆ ಕೆಲವು ಕ್ಷಣ

2009ರಲ್ಲಿ ಬಂದ ಹೊಸ 'ಸ್ಟಾರ್ ಟ್ರೆಕ್' ಸಿನಿಮಾದ ಶುರುವಿನಲ್ಲೇ ಒಂದು ದೃಶ್ಯವಿದೆ. ದಾಳಿಗೆ ಸಿಕ್ಕ ಬಾಹ್ಯಾಕಾಶ ನೌಕೆಯ ಗೋಡೆ ಒಡೆಯುತ್ತದೆ. ಸ್ಫೋಟ, ಕಿರುಚಾಟ, ಗದ್ದಲ. ಸಿಬ್ಬಂದಿಯೊಬ್ಬಳು ಗಾಳಿಯ ಜೊತೆಗೇ ಹೊರಕ್ಕೆ ಚಿಮ್ಮುತ್ತಾಳೆ. ಥಟ್ಟನೆ ಎಲ್ಲ ಸದ್ದೂ ನಿಂತುಬಿಡುತ್ತದೆ. ಇಡೀ ಸಿನಿಮಾದಲ್ಲಿ ನನ್ನ ಎದೆ ಝಲ್ಲೆಂದದ್ದು ಅಲ್ಲೇ.

ಸದ್ದು ಸಾಗಬೇಕಾದರೆ ನಡುವೆ ಗಾಳಿಯೋ ನೀರೋ ಏನಾದರೂ ಇರಬೇಕು. ಬಾಹ್ಯಾಕಾಶದಲ್ಲಿ ಅದಿಲ್ಲ. ಶಾಲೆಯಲ್ಲಿ ಓದಿದ ಈ ಒಂದು ಸಂಗತಿ ಅಲ್ಲಿ ಎಲ್ಲ ಗ್ರಾಫಿಕ್ಸಿಗಿಂತ ಜಾಸ್ತಿ ಕೆಲಸ ಮಾಡಿತು. ಹಳೆಯ ಕಥೆಗಳನ್ನು ರೀಬೂಟ್ ಮಾಡುವಾಗ, ಅಂದರೆ ಹೊಸದಾಗಿ ಮತ್ತೆ ಶುರುಮಾಡುವಾಗ, 'ವಿಜ್ಞಾನ ನೋಡುತ್ತ ಕೂತರೆ ಮಜಾ ಹೋಗುತ್ತದೆ' ಅನ್ನುತ್ತಾರಲ್ಲ, ಆ ಮಾತನ್ನು ನಾನು ಒಪ್ಪುವುದಿಲ್ಲ.

ಅದೇ ಸಿನಿಮಾದ ಕೊನೆ ನೋಡಿ. ಶತ್ರುನೌಕೆಯಲ್ಲಿ 'ರೆಡ್ ಮ್ಯಾಟರ್' ಸಿಡಿದು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಹುಟ್ಟುತ್ತದೆ. ಎಂಟರ್‌ಪ್ರೈಸ್ ನೌಕೆ ಅದರ ಸೆಳೆತಕ್ಕೆ ಸಿಕ್ಕಿ ಒದ್ದಾಡುತ್ತದೆ. ರೆಡ್ ಮ್ಯಾಟರ್ ಕಲ್ಪನೆ, ಇರಲಿ; ಕಥೆಗೆ ಅಷ್ಟು ಸಲಿಗೆ ಕೊಡೋಣ. ಆದರೆ ಅಷ್ಟು ಹೊತ್ತು ನೌಕೆಯೊಳಗೆ ತಣ್ಣಗಿದ್ದ ವಸ್ತುವಿಗೆ ಈಗ ಇಷ್ಟು ಸೆಳೆತ ಎಲ್ಲಿಂದ ಬಂತು? ಕಪ್ಪುಕುಳಿ ಸುಮ್ನೆ ಎಲ್ಲವನ್ನೂ ಹೀರುವುದಿಲ್ಲ. ಅದರಲ್ಲಿ ಎಷ್ಟು ದ್ರವ್ಯ ಇದೆ, ನೀವು ಎಷ್ಟು ದೂರ ಇದ್ದೀರಿ, ಎಲ್ಲ ಅದರ ಮೇಲೆ. ಇಡೀ ಭೂಮಿಯನ್ನು ಹಿಸುಕಿ ಕಪ್ಪುಕುಳಿ ಮಾಡಿದರೆ ಅದರ ಅಗಲ 2 ಸೆಂಟಿಮೀಟರಿಗೂ ಕಡಿಮೆ. ಒಂದು ಗೋಲಿಯಷ್ಟು! ಚಂದ್ರ ಮಾತ್ರ ಅದೇ ದಾರಿಯಲ್ಲಿ ಆ ಗೋಲಿಯನ್ನು ಸುತ್ತುತ್ತಲೇ ಇರುತ್ತದೆ. ಅಪಾಯ ಇರುವುದು ತೀರಾ ಹತ್ತಿರ ಹೋದಾಗ. ಕಾಲು ಮುಂದಾಗಿ ಬೀಳುವವನ ಪಾದಕ್ಕೆ ತಲೆಗಿಂತ ಎಷ್ಟೋ ಜಾಸ್ತಿ ಸೆಳೆತ. ದೇಹ ನೂಲಿನ ಹಾಗೆ ಎಳೆದುಹೋಗುತ್ತದೆ. ಒಂದು ನೌಕೆಯ ಮೂತಿ ಹೀಗೆ ಕಿತ್ತುಬರುತ್ತಿರುವಾಗ ಹಿಂಭಾಗದಲ್ಲಿ ಇರುವವರಿಗೆ ಇನ್ನೂ ಏನೂ ಆಗಿರುವುದಿಲ್ಲ. ಆ ದೃಶ್ಯವನ್ನು ನೋಡಬೇಕು ಅಂತ ನನಗೆ ಎಷ್ಟು ಆಸೆ!

2003ರಲ್ಲಿ ಮರುಹುಟ್ಟು ಪಡೆದ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಟಿವಿ ಸರಣಿ ವಿಜ್ಞಾನದ ದಾರಿಯನ್ನೇ ಹಿಡಿಯಿತು. ಅಲ್ಲಿನ ಪುಟ್ಟ ವೈಪರ್ ವಿಮಾನಗಳು ಮುಂದಕ್ಕೆ ಸಾಗುತ್ತಲೇ ಗಿರ್ರನೆ ಹಿಂದಕ್ಕೆ ತಿರುಗಿ ಗುಂಡು ಹಾರಿಸುತ್ತವೆ. ಗಾಳಿಯ ತಡೆ ಇಲ್ಲದ ಕಡೆ ಮುಖ ಎತ್ತ ಇದ್ದರೂ ವೇಗ ಹಾಗೇ ಇರುತ್ತದೆ, ಅಲ್ವಾ? ನ್ಯೂಟನ್ನನ ಮೊದಲ ನಿಯಮವೇ ಅಲ್ಲಿ ಸಾಹಸ ದೃಶ್ಯವಾಯಿತು.

'ಸ್ಟಾರ್ ಟ್ರೆಕ್'ನಲ್ಲಿ ಇನ್ನೊಂದು ಅವಕಾಶವೂ ಇತ್ತು. ಒಂದು ಸೂಪರ್‌ನೋವಾ, ಅಂದರೆ ನಕ್ಷತ್ರದ ಮಹಾಸ್ಫೋಟ, ಇಡೀ ಗ್ಯಾಲಕ್ಸಿಯನ್ನೇ ನಾಶಮಾಡಲಿದೆ ಎನ್ನುತ್ತದೆ ಕಥೆ. ನಮ್ಮ ಗ್ಯಾಲಕ್ಸಿಯನ್ನು ದಾಟಲು ಬೆಳಕಿಗೇ ಸುಮಾರು 1 ಲಕ್ಷ ವರ್ಷ ಬೇಕು; ಒಂದು ಸ್ಫೋಟ ಅದನ್ನೆಲ್ಲ ನಾಶಮಾಡುವುದು ಹೇಗೆ? ನಿಜವಾದ ಸೂಪರ್‌ನೋವಾ ಬೇರೆಯೇ ಥರ ಸುಳಿವು ಕೊಡುತ್ತದೆ. 1987ರ ಫೆಬ್ರವರಿಯಲ್ಲಿ ಪಕ್ಕದ ಪುಟ್ಟ ಗ್ಯಾಲಕ್ಸಿಯೊಂದರಲ್ಲಿ ನಕ್ಷತ್ರ ಸಿಡಿದದ್ದು ಕಂಡಿತು. ಅದರ ಬೆಳಕಿಗಿಂತ ಕೆಲವು ಗಂಟೆ ಮುಂಚೆಯೇ ಯಾವುದಕ್ಕೂ ಸುಲಭವಾಗಿ ತಾಗದ ನ್ಯೂಟ್ರಿನೋ ಎಂಬ ಕಣಗಳು ಭೂಮಿಯನ್ನು ಹಾದುಹೋಗಿದ್ದವು. ನೆಲದಡಿಯ ಪತ್ತೆಯಂತ್ರಗಳಲ್ಲಿ ಸಿಕ್ಕಿದ್ದು ಬರೀ ಎರಡು ಡಜನ್‌ನಷ್ಟು. ಆ ಹೊತ್ತಿನಲ್ಲಿ ಆಕಾಶ ಎಂದಿನಂತೆಯೇ ಇತ್ತು.