ಐಎಸ್‌ಬಿಎನ್ ಹಾಕ್ಸಿದ್ರೆ ಕಾಪಿರೈಟ್ ನಂದಾಗತ್ತಾ ಸಾರ್?

ಪ್ರಶ್ನೆ: ನಮಸ್ತೆ ಸಾರ್, ನನ್ನ ಮೊದಲ ಕವನ ಸಂಕಲನ ಪ್ರಿಂಟಿಗೆ ಹೋಗ್ತಿದೆ. ಡಿಟಿಪಿ ಮಾಡೋರು ಐಎಸ್‌ಬಿಎನ್ ಬೇಕಂದ್ರೆ ಬೇರೆ ದುಡ್ಡಾಗತ್ತೆ, ಅದಿಲ್ದಿದ್ರೆ ಕಾಪಿರೈಟ್ ಇರಲ್ಲ, ಯಾರ್ ಬೇಕಾದ್ರೂ ಕದೀಬೋದು ಅಂತಿದಾರೆ. ಹಾಕಿಸ್ಲಾ?

ಉತ್ತರ: ಹಾಕ್ಸಿ. ಆದ್ರೆ ಅದಕ್ಕೆ ದುಡ್ಡು ಕೊಡ್ಬೇಡಿ, ಕಾಪಿರೈಟ್ ಸಿಗತ್ತೆ ಅನ್ಕೊಂಡಂತೂ ಹಾಕಿಸ್ಬೇಡಿ. ಉತ್ತರ ಇಷ್ಟೇ, ಇಲ್ಲಿಗೇ ನಿಲ್ಲಿಸ್ಬೋದಿತ್ತು. ಆದ್ರೆ ನವೆಂಬರ್ ಹತ್ರ ಬಂತು ಅಂದ್ರೆ ಪುಸ್ತಕ ಬಿಡುಗಡೆಗಳ ಜೊತೆಜೊತೆಗೇ ಈ ಪ್ರಶ್ನೆನೂ ಬರತ್ತೆ, ಒಬ್ಬರಿಗೆ ಹೇಳಿ ಮುಗ್ಸೋಷ್ಟ್ರಲ್ಲಿ ಇನ್ನೊಬ್ರು ಕೇಳ್ತಾರೆ, ಕೇಳೋರಲ್ಲಿ ಮೇಷ್ಟ್ರುಗಳೂ ಇರ್ತಾರೆ, ಹಾಗಾಗಿ ಈ ಸಲ ಬೇರು ಸಮೇತ ಕಿತ್ತು ಹಾಕೋಣ ಅಂತ ಕೂತಿದೀನಿ.

ಐಎಸ್‌ಬಿಎನ್ ಅಂದ್ರೆ ಒಂದು ನಂಬರ್, ಅಷ್ಟೇ. ಅಂಗಡಿಯವ್ರು, ಲೈಬ್ರರಿಯವ್ರು, ಆನ್‌ಲೈನಲ್ಲಿ ಮಾರೋರು ಒಂದೇ ಹೆಸರಿನ ನಾಕು ಪುಸ್ತಕ ಇದ್ರೂ ಗೊಂದಲ ಆಗ್ದೆ ಇದೇ ಪ್ರಕಾಶಕರ ಇದೇ ಪುಸ್ತಕ ಅಂತ ಗುರುತು ಹಿಡಿಯೋಕೆ ಮಾಡ್ಕೊಂಡಿರೋ ವ್ಯವಸ್ಥೆ. 1967ರಲ್ಲಿ ಇಂಗ್ಲೆಂಡಲ್ಲಿ ಒಂಬತ್ತು ಅಂಕೆಯಾಗಿ ಶುರುವಾಗಿ, 1970ರಲ್ಲಿ ಅಂತರರಾಷ್ಟ್ರೀಯ ಮಟ್ಟಕ್ಕೆ ಬಂದು ಹತ್ತಾಯ್ತು, 2007ರಿಂದ ಹದಿಮೂರು. ನಿಮ್ಮ ಮನೇಲಿರೋ ಯಾವುದಾದ್ರೂ ಹೊಸ ಕನ್ನಡ ಪುಸ್ತಕ ತಿರುಗಿಸಿ ನೋಡಿ: ಮೊದಲು 978, ಆಮೇಲೆ 81 ಇಲ್ಲಾ 93, ಅದು ಭಾರತಕ್ಕೆ, ಮುಂದಿಂದು ಪ್ರಕಾಶಕರಿಗೆ, ಅದರ ಮುಂದಿಂದು ಆ ಪುಸ್ತಕಕ್ಕೆ, ಕೊನೆ ಒಂದಂಕೆ ಬರೀ ಲೆಕ್ಕ ತಾಳೆ ನೋಡೋಕೆ. ಮೊದಲ ಹನ್ನೆರಡು ಅಂಕೇಲಿ ಎರಡನೇದು, ನಾಕನೇದು, ಆರನೇದು ಹೀಗೆ ಸರಿಸಂಖ್ಯೆ ಜಾಗದಲ್ಲಿರೋದನ್ನ ಮೂರರಿಂದ ಗುಣಿಸಿ, ಉಳಿದಿದ್ದನ್ನ ಹಾಗೇ ಇಟ್ಕೊಂಡು ಎಲ್ಲಾ ಕೂಡಿ, ಆ ಮೊತ್ತ ಸೊನ್ನೇಲಿ ಮುಗೀಬೇಕು ಅಂದ್ರೆ ಇನ್ನೆಷ್ಟು ಸೇರಿಸ್ಬೇಕೋ ಅದೇ ಕೊನೆ ಅಂಕೆ. ಒಂದು ಸಂಕಲನದಲ್ಲಿ ಅಚ್ಚಾಗಿದ್ದ ನಂಬರಿಗೆ ಈ ಲೆಕ್ಕ ಹಾಕಿ ನೋಡಿದ್ರೆ ತಾಳೆನೇ ಆಗ್ಲಿಲ್ಲ, ವಿಚಾರಿಸಿದ್ರೆ ಯಾರೋ ಇನ್ಯಾವುದೋ ಪುಸ್ತಕದ ನಂಬರ್ ತಗೊಂಡು ಹಿಂದೆಮುಂದೆ ಮಾಡಿ ಕೂರ್ಸಿದಾರೆ, ಪಾಪ ಕವಿಗಳು ಅದಕ್ಕೂ ದುಡ್ಡು ಕೊಟ್ಟಿದ್ರು.

ಆ ಹದಿಮೂರು ಅಂಕೇಲಿ ನಿಮ್ಮ ಹೆಸರಿಗೆ ಎಲ್ಲಿದೆ ಜಾಗ ಹೇಳಿ? ಪ್ರಕಾಶಕರಿಗಿದೆ, ದೇಶಕ್ಕಿದೆ, ಬರೆದವರಿಗಿಲ್ಲ. ಪಿನ್‌ಕೋಡ್ ತೋರ್ಸಿ ಮನೆ ಖಾತಾ ನನ್ ಹೆಸರಿಗೆ ಮಾಡ್ಕೊಡಿ ಅಂತ ಪಂಚಾಯ್ತಿ ಆಫೀಸಲ್ಲಿ ಕೇಳಿದಂಗಾಯ್ತು ಇದು.

ಇನ್ನೂ ನಂಬಿಕೆ ಬರ್ಲಿಲ್ವಾ? ಡಿವಿಜಿಯವರ ಕಗ್ಗ ಬಂದಿದ್ದು 1943ರಲ್ಲಿ. ಆಗ ಐಎಸ್‌ಬಿಎನ್ ಹುಟ್ಟೇ ಇರ್ಲಿಲ್ಲ. ಅದರ ಕಾಪಿರೈಟ್‌ಗೆ ಏನಾದ್ರೂ ಆಯ್ತಾ? ಇಲ್ಲ. ನಮ್ಮ ಕಾನೂನಲ್ಲಿ ಬರೆದವರು ತೀರ್ಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರತ್ತೆ, ಡಿವಿಜಿ ಹೋಗಿದ್ದು 1975ರಲ್ಲಿ, ಅಂದ್ರೆ 2035ರ ಡಿಸೆಂಬರ್‌ವರೆಗೆ. ಈಗ ಉಲ್ಟಾ ನೋಡಿ. ತ್ರಿವೇಣಿಯವರು ತೀರ್ಕೊಂಡಿದ್ದು 1963ರಲ್ಲಿ, ಅವಧಿ 2023ಕ್ಕೆ ಮುಗೀತು, ಈಗ ಅವರು ಬದುಕಿದ್ದಾಗಲೇ ಪ್ರಕಟವಾಗಿದ್ದ ಕಾದಂಬರಿಗಳನ್ನ ಯಾರು ಬೇಕಾದ್ರೂ ಅಚ್ಚು ಹಾಕ್ಬೋದು, ಇವತ್ತು ಅವಕ್ಕೆ ಹೊಸ ಐಎಸ್‌ಬಿಎನ್ ತಗೊಂಡ್ರೂ ಹೋದ ಹಕ್ಕು ವಾಪಸ್ ಬರಲ್ಲ. ಅದೂ ಬೇಡ, ಪಂಪಭಾರತ ಅಚ್ಚು ಹಾಕೋರಿಗೂ ಐಎಸ್‌ಬಿಎನ್ ಕೊಡ್ತಾರೆ. ಹಾಗಂತ ಪಂಪನ ಪದ್ಯಗಳು ಆ ಪ್ರಕಾಶಕರ ಆಸ್ತಿ ಆಗ್ಬಿಡ್ತಾವಾ? ನಂಬರ್ ಇಲ್ದೆ ಹಕ್ಕಿದೆ, ಹಕ್ಕಿಲ್ದೆ ನಂಬರಿದೆ, ಎರಡಕ್ಕೂ ಸಂಬಂಧ ಇಲ್ಲ ಅನ್ನೋಕೆ ಇದಕ್ಕಿಂತ ಇನ್ನೇನ್ ಬೇಕು?

ಈ ತಲೆಕೆಟ್ಟ ನಂಬಿಕೆ ಎಲ್ಲಿಂದ ಬಂತು ಅಂದ್ರೆ, ನಂಗನ್ಸೋ ಪ್ರಕಾರ ಅರ್ಧದಷ್ಟು ಬಂದಿದ್ದು ಕಾಲೇಜುಗಳಿಂದ. ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2010ರಲ್ಲಿ ಅಧ್ಯಾಪಕರ ಕೆಲಸ, ಪ್ರಕಟಣೆ ಅಳೆಯೋಕೆ ಎಪಿಐ ಅಂಕ ಅಂತ ತಂದಾಗ ಐಎಸ್‌ಬಿಎನ್ ಇರೋ ಪುಸ್ತಕಕ್ಕೆ ಬೆಲೆ ಬಂತು, ಬಡ್ತಿಗೆ ಬೇಕಲ್ಲ, ಎಲ್ರೂ ನಂಬರ್ ಹಿಂದೆ ಬಿದ್ರು. ಆಮೇಲೆ ಅದು ಇದ್ರೆ ಒರಿಜಿನಲ್ ಪುಸ್ತಕ, ಇಲ್ದಿದ್ರೆ ಡೂಪ್ಲಿಕೇಟು ಅನ್ನೋ ಭಾವನೆ ಬಂತು, ಸರ್ಕಾರ ಕೊಡೋದು ಅಂದ್ಮೇಲೆ ಸರ್ಕಾರದ ರಕ್ಷಣೆ ಇದ್ದೇ ಇರತ್ತೆ ಅಂತ ಜನ ತಾವೇ ಸೇರಿಸ್ಕೊಂಡ್ರು. ಕೊಡೋದು ಸರ್ಕಾರದ್ದೇ ಏಜೆನ್ಸಿ ನಿಜ, ದೆಹಲೀಲಿರೋ ರಾಜಾ ರಾಮಮೋಹನ ರಾಯ್ ನ್ಯಾಷನಲ್ ಏಜೆನ್ಸಿ. ಒಳಗಡೆ ಏನ್ ಬರೆದಿದೀರ ಅಂತ ಅವರು ಓದಲ್ಲ, ಓದಬೇಕಾಗೂ ಇಲ್ಲ. ಮತ್ತೆ ಇದು ಪೂರ್ತಿ ಉಚಿತ. ಅಮೆರಿಕಾದಲ್ಲಿ ಒಂದು ನಂಬರಿಗೆ ನೂರು ಡಾಲರಿಗಿಂತ ಜಾಸ್ತಿ ಕೊಡ್ಬೇಕು, ನಮ್ಮಲ್ಲಿ ಸ್ವಂತ ಪ್ರಕಟಣೆ ಮಾಡೋ ಲೇಖಕರೂ ಆನ್‌ಲೈನಲ್ಲೇ ಅರ್ಜಿ ಹಾಕಿ ಪುಕ್ಕಟೆ ತಗೋಬೋದು. ಸ್ವಲ್ಪ ದಿನ ಕಾಯ್ಬೇಕು, ಹಾಗಾಗಿ ಬಿಡುಗಡೆ ಹಿಂದಿನ ವಾರ ಎದ್ದು ಓಡ್ಬೇಡಿ. ಡಿಟಿಪಿಯವ್ರು ಅರ್ಜಿ ತುಂಬಿದ್ದಕ್ಕೆ ಕೂಲಿ ಕೇಳಿದ್ರೆ ಅದು ಬೇರೆ ಮಾತು, ನಂಬರಿನ ಬೆಲೆ ಅಂತ ಕೇಳಿದ್ರೆ ಮಾತ್ರ ಕೊಡ್ಬೇಡಿ.

ಹಾಗಾದ್ರೆ ಕಾಪಿರೈಟ್ ಹೆಂಗೆ ಸಿಗತ್ತೆ? ಬರೆದ್ರೆ ಸಿಗತ್ತೆ. ನಿಜವಾಗ್ಲೂ ಅಷ್ಟೇ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಸ್ವಂತವಾಗಿ ಬರೆದಿದ್ದು ಕಾಗದಕ್ಕೋ ಫೋನಿಗೋ ಇಳೀತಿದ್ದಂಗೆ ಹಕ್ಕು ನಿಮ್ದು, ವಾಟ್ಸಾಪ್ ಗ್ರೂಪಲ್ಲಿ ಬೆಳಿಗ್ಗೆ ಹಾಕೋ ಹನಿಗವನಕ್ಕೂ ಇದೆ. ಮನಸಲ್ಲಿರೋ ಐಡಿಯಾಗೆ ಇಲ್ಲ, ಅಜ್ಜಿಗೂ ಮೊಮ್ಮಗನಿಗೂ ನಡುವಿನ ಕಥೆ ಅನ್ನೋ ಎಳೆ ಯಾರ್ದೂ ಅಲ್ಲ, ಅದನ್ನ ನೀವು ಬರೆದಿರೋ ರೀತಿ ಮಾತ್ರ ನಿಮ್ದು. ದೆಹಲಿಯ ಕಾಪಿರೈಟ್ ಆಫೀಸಲ್ಲಿ 500 ರೂಪಾಯಿ ಕಟ್ಟಿ ನೋಂದಣಿ ಮಾಡಿಸ್ಬೋದು, ಕಡ್ಡಾಯ ಅಲ್ಲ, ನಾಳೆ ಜಗಳ ಬಂದ್ರೆ ಸಾಕ್ಷಿಗೆ ಒಳ್ಳೇದು. ಬರೆದಿದ್ದನ್ನ ನಿಮ್ಗೆ ನೀವೇ ರಿಜಿಸ್ಟರ್ ಪೋಸ್ಟ್ ಮಾಡ್ಕೊಂಡು ಒಡೀದೆ ಬೀರೂಲಿಟ್ರೆ ಹಕ್ಕು ಸಿಗತ್ತೆ ಅಂತ ಇನ್ನೊಂದು ಕಥೆ ಇದೆ, ಅದರಿಂದ ಹೊಸದಾಗಿ ಯಾವ ಹಕ್ಕೂ ಹುಟ್ಟಲ್ಲ.

ಕಳ್ಳರ ಭಯ ಇಷ್ಟೊಂದು ಇರೋರು ಕೇಳ್ಬೇಕಾಗಿದ್ದ ಪ್ರಶ್ನೆನೇ ಬೇರೆ, ಅದನ್ನ ಯಾರೂ ಕೇಳಲ್ಲ. ಕನ್ನಡ ಪುಸ್ತಕದ ಒಳಪುಟ ತೆಗೀರಿ, ಪ್ರಥಮ ಮುದ್ರಣ ಇಷ್ಟು, ಪ್ರತಿಗಳು 500, ಡೆಮಿ 1/8, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ ಅಂತೆಲ್ಲಾ ಇರತ್ತಲ್ಲ, ಅಲ್ಲೇ ಒಂದ್ಸಾಲು ‘ಹಕ್ಕುಗಳು’ ಅಂತ ಇರತ್ತೆ. ಮುಂದೆ ಲೇಖಕರದ್ದು ಅಂತಿದೆಯಾ, ಪ್ರಕಾಶಕರದ್ದು ಅಂತಿದೆಯಾ? ಕಾಗದ ಎಷ್ಟು ದಪ್ಪ, ಎಷ್ಟು ಜಿಎಸ್‌ಎಂ ಅಂತ ಕೇಳಿ ತಿಳ್ಕೊಳೋ ಕವಿಗಳು ಈ ಸಾಲು ಹೆಂಗಿದೆ ಅಂತ ಪುಸ್ತಕ ಬಂದ್ಮೇಲೆ ನೋಡ್ತಾರೆ. ಹಾಗಂತ ಬರೀ ಆ ಸಾಲು ಅಚ್ಚಾದ ತಕ್ಷಣ ಹಕ್ಕು ಪ್ರಕಾಶಕರ್ದಾಗಲ್ಲ, ಬರಹದಲ್ಲಿ ಒಪ್ಪಂದ ಇರ್ಬೇಕು, ನಿಮ್ಮ ಸಹಿ ಇರ್ಬೇಕು. ಸಹಿ ಹಾಕಿದ ಕಾಗದದಲ್ಲಿ ಎಷ್ಟು ವರ್ಷ ಅಂತ ಬರೀದಿದ್ರೆ ಐದು ವರ್ಷ ಅಂತ ಕಾಯ್ದೆನೇ ಹೇಳತ್ತೆ, ಎಲ್ಲೆಲ್ಲಿಗೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ. ಹಕ್ಕು ತಗೊಂಡೋರು ಒಂದು ವರ್ಷದೊಳಗೆ ಉಪಯೋಗಿಸ್ದೇ ಕೂತ್ರೆ, ಒಪ್ಪಂದದಲ್ಲಿ ಬೇರೆ ಥರ ಇಲ್ಲ ಅಂದ್ರೆ, ಅದು ಹೋಗತ್ತೆ. ಆದ್ರಿಂದ ಆಡಿಯೋ, ಅನುವಾದ, ಸಿನಿಮಾ, ಇ-ಬುಕ್ಕು ಎಲ್ಲಾ ಒಟ್ಟಿಗೆ ಶಾಶ್ವತವಾಗಿ ಅಂತ ಒಂದೇ ಸಾಲಲ್ಲಿ ಬರೆದಿರೋ ಕಾಗದ ಬಂದ್ರೆ ಬಿಡುಗಡೆಯ ಖುಷೀಲಿ ಸಹಿ ಹಾಕ್ಬೇಡಿ, ಪ್ರಿಂಟಿಗೆ ಮಾತ್ರ, ಇಷ್ಟು ವರ್ಷಕ್ಕೆ ಮಾತ್ರ ಅಂತ ತಿದ್ದಿ ಕೊಡಿ. ಒಳ್ಳೆ ಪ್ರಕಾಶಕರು ಅದಕ್ಕೆ ಬೇಜಾರ್ ಮಾಡ್ಕೊಳಲ್ಲ.

ಇನ್ನೊಂದು, ನೀವು ಕೇಳ್ಲಿಲ್ಲ ಆದ್ರೂ ಹೇಳ್ತೀನಿ. 60 ವರ್ಷ ಅಂದ್ರೆ ನೀವು ಹೋದ್ಮೇಲಿನ ಲೆಕ್ಕ, ಅನುಭವಿಸೋರು ನಿಮ್ಮನೆಯವ್ರು. ಶಿವರಾಮ ಕಾರಂತರು ವಿಲ್ ಬರೆದಿಟ್ಟೇ ಹೋಗಿದ್ರು, ಆದ್ರೂ ಅವರ ಯಕ್ಷಗಾನ ಬ್ಯಾಲೆಗಳ ಹಕ್ಕು ಆ ವಿಲ್‌ನಲ್ಲಿ ಸೇರತ್ತೋ ಇಲ್ವೋ ಅಂತ ಕೇಸು ಸುಪ್ರೀಂ ಕೋರ್ಟ್ ಮುಟ್ತು, 2009ರಲ್ಲಿ ಸೇರತ್ತೆ ಅಂತ ತೀರ್ಪಾಯ್ತು. ಕಾರಂತರಿಗೇ ಹಿಂಗಾದ್ರೆ ಏನೂ ಬರೆದಿಡದವರ ಗತಿ ಯೋಚ್ನೆ ಮಾಡಿ. ಮೊದಲ ಸಂಕಲನಕ್ಕೇ ವಿಲ್ ಏನು ಅಂತ ನಗು ಬರ್ಬೋದು, ಬೇಡ ಬಿಡಿ, ಕೊನೇಪಕ್ಷ ಪ್ರಕಾಶಕರ ಹತ್ರ ನಿಮ್ಮನೆಯವ್ರೊಬ್ಬರ ಹೆಸರು, ಫೋನ್ ನಂಬರ್ ಕೊಟ್ಟಿಡಿ. ಹಳೇ ಕಥೆಗಳ ಸಂಕಲನ ಮಾಡೋ ಸಂಪಾದಕರು ಒಪ್ಪಿಗೆ ಕೇಳೋಕೆ ಅಂತ ಲೇಖಕರ ಮಕ್ಕಳನ್ನ ಹುಡುಕ್ತಾರೆ, ಯಾರೂ ಸಿಗ್ಲಿಲ್ಲ ಅಂದ್ರೆ ಆ ಕಥೆ ಬಿಟ್ಟು ಇನ್ನೊಬ್ಬರದ್ದು ಹಾಕ್ಕೊಂಡು ಪ್ರೆಸ್ಸಿಗೆ ಕಳಿಸ್ತಾರೆ.